ಬೊಟಾಕ್ಸ್ ಆದ ಮೇಲೆ ಬಲಗಣ್ಣಿನ ರೆಪ್ಪೆ ಜೋತುಬಿದ್ದಿದೆ, ಮತ್ತೆ ಮೇಲೆ ಬರುತ್ತಾ?

ಮುಲುಂಡ್‌ನವಳು:

ಎಲ್ಲರಿಗೂ ನಮಸ್ಕಾರ. ತುಂಬ ಗಾಬರಿಯಲ್ಲಿ ಬರೆಯುತ್ತಿದ್ದೇನೆ. ನನಗೆ 47 ವರ್ಷ. ಹುಬ್ಬುಗಳ ಮಧ್ಯೆ ಎರಡು ಗೆರೆ ಆಳವಾಗಿ ಬಿದ್ದಿದ್ದವು, ಸುಮ್ನೆ ಕೂತಿದ್ದರೂ ಆಫೀಸಿನಲ್ಲಿ "ಏನ್ ಮೇಡಂ, ಸಿಟ್ಟಾಗಿದ್ದೀರಾ" ಅಂತ ಕೇಳುತ್ತಿದ್ದರು. ಮುಂದಿನ ತಿಂಗಳು ಅಣ್ಣನ ಮಗಳ ಮದುವೆ ಬೇರೆ ಇದೆ. ಅದಕ್ಕೇ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗೆರೆ ಸಡಿಲ ಮಾಡುವ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿಕೊಂಡೆ. ಹತ್ತು ನಿಮಿಷದ ಕೆಲಸ, ಐದು ಕಡೆ ಸೂಜಿ ಚುಚ್ಚಿದರು, ಅಷ್ಟೇ.

ಐದು ದಿನ ಏನೂ ಇರಲಿಲ್ಲ. ಆರನೇ ದಿನ ಬೆಳಿಗ್ಗೆ ಕಾಡಿಗೆ ಹಚ್ಚಲು ಕನ್ನಡಿ ಮುಂದೆ ನಿಂತರೆ ಬಲಗಣ್ಣು ಸಣ್ಣದಾಗಿ ಕಾಣಿಸಿತು. ನಿದ್ದೆ ಸಾಲಲಿಲ್ಲ ಅಂದುಕೊಂಡೆ. ಸಂಜೆ ಹೊತ್ತಿಗೆ ರೆಪ್ಪೆ ಕಣ್ಣಿನ ಕಪ್ಪುಭಾಗದ ಅರ್ಧದವರೆಗೆ ಇಳಿದಿತ್ತು. ಈಗ ಒಂಬತ್ತನೇ ದಿನ. ಸ್ಟೇಷನ್‌ನಲ್ಲಿ ಇಂಡಿಕೇಟರ್ ಓದಬೇಕಾದರೆ ಗದ್ದ ಮೇಲೆತ್ತಬೇಕು. ನೋವಿಲ್ಲ, ನೀರು ಸೋರುವುದಿಲ್ಲ, ಆದರೆ ಎದುರಿಗೆ ನಿಂತವರು ಆ ಕಣ್ಣನ್ನೇ ನೋಡುತ್ತಾರೆ.

ಕ್ಲಿನಿಕ್‌ಗೆ ಫೋನ್ ಮಾಡಿದೆ. ರಿಸೆಪ್ಷನ್‌ನವರು "ನಾರ್ಮಲ್, ಟಚಪ್‌ಗೆ ಬನ್ನಿ, ಸರಿ ಮಾಡ್ತಾರೆ" ಅಂದರು, ಅಂದರೆ ಮತ್ತೆ ಸ್ವಲ್ಪ ಬೊಟಾಕ್ಸ್ ಚುಚ್ಚುತ್ತಾರಂತೆ, ಡಾಕ್ಟರ ಕೈಗೆ ಫೋನ್ ಕೊಡಲೇ ಇಲ್ಲ. ಗೆಳತಿಯೊಬ್ಬಳು ಮಸಾಜ್ ಮಾಡು ಅನ್ನುತ್ತಾಳೆ, ಇನ್ನೊಬ್ಬಳು ಕರಗಿಸುವ ಇಂಜೆಕ್ಷನ್ ಇದೆ ಅನ್ನುತ್ತಾಳೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ, ವಿಡಿಯೋ ಕಾಲ್ ಬಂದರೆ ಕ್ಯಾಮೆರಾ ಆಫ್ ಮಾಡುತ್ತಿದ್ದೇನೆ. ಯಾರಿಗಾದರೂ ಹೀಗಾಗಿದೆಯಾ? ಹೋಗುತ್ತಾ ಇದು?

ಡೊಂಬಿವಲಿ ಅಕ್ಕ:

ಹೋಗುತ್ತೆ ಕಣಮ್ಮಾ, ಮೊದಲು ಅದನ್ನು ನಂಬಿ. ನನಗೆ ಎಡಗಣ್ಣಿಗೆ ಹೀಗೇ ಆಗಿತ್ತು. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ, ದಿನಕ್ಕೆ ನೂರು ಸಲ ಕನ್ನಡಿ ನೋಡಿ ಅತ್ತಿದ್ದೇನೆ. ಮೂರನೇ ವಾರದಲ್ಲಿ ಬೆಳಿಗ್ಗೆ ಹೊತ್ತು ಸ್ವಲ್ಪ ತೆರೆಯುತ್ತಿತ್ತು, ಸಂಜೆಗೆ ಮತ್ತೆ ಇಳಿಯುತ್ತಿತ್ತು. ಐದು ವಾರ ಆಗುವಷ್ಟರಲ್ಲಿ ನನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ಕೆಲಸ ಮಾಡಿ. ದಿನಾ ಬೆಳಿಗ್ಗೆ ಅದೇ ಕಿಟಕಿ ಹತ್ತಿರ, ಅದೇ ಬೆಳಕಲ್ಲಿ, ನೇರ ನೋಡುತ್ತಾ ಒಂದು ಫೋಟೋ ತೆಗೆದಿಡಿ. ಕನ್ನಡಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಹತ್ತು ದಿನದ ಫೋಟೋ ಪಕ್ಕಪಕ್ಕ ಇಟ್ಟರೆ ತಿಳಿಯುತ್ತೆ. ನನ್ನನ್ನು ಉಳಿಸಿದ್ದೇ ಆ ಫೋಟೋಗಳು. ಮತ್ತೆ ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿದುಕೊಳ್ಳುತ್ತೆ, ಹುಷಾರು. ಗಾಡಿ ಓಡಿಸುತ್ತಿದ್ದರೆ ಸದ್ಯಕ್ಕೆ ಬೇಡ, ಮೇಲುಗಡೆ ನೋಟ ಕಡಿಮೆ ಇರುತ್ತೆ.

ಟಚಪ್‌ಗೆ ಮಾತ್ರ ಹೋಗಬೇಡಿ!

ಕೊತ್ರೂಡ್ ಕನ್ನಡಿಗ:

ಬೇಸರ ಮಾಡಿಕೊಳ್ಳಬೇಡಿ, ಆದರೆ ಕೇಳಲೇಬೇಕು ಅನಿಸುತ್ತಿದೆ. ವಿಷವನ್ನು ಮುಖಕ್ಕೆ ಚುಚ್ಚಿಸಿಕೊಳ್ಳುವುದು ಯಾಕೆ ಬೇಕು? ವಯಸ್ಸಾದರೆ ಗೆರೆ ಬೀಳುತ್ತೆ. ನನ್ನ ತಂಗಿಯೂ ಇದೇ ಯೋಚನೆಯಲ್ಲಿದ್ದಾಳೆ, ನನಗೆ ನಿಜವಾಗಿಯೂ ಭಯ ಆಗುತ್ತೆ.

ಮಾಟುಂಗಾ ಸಿಸ್ಟರ್:

ಮುಂಬಯಿಯ ಒಂದು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ 28 ವರ್ಷ ನರ್ಸ್ ಆಗಿದ್ದವಳು ನಾನು, ಈಗ ನಿವೃತ್ತಿ. ಕೊತ್ರೂಡ್‌ನವರೇ, ನಿಮ್ಮ ಭಯ ಅರ್ಥ ಆಗುತ್ತೆ, ಆದರೆ ಈ ಔಷಧಿ ಬಂದಿದ್ದೇ ಕಣ್ಣಿನ ತೊಂದರೆಗೆ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್ ಮೆಳ್ಳಗಣ್ಣಿಗೆ ಆಪರೇಷನ್ ಇಲ್ಲದೆ ಮದ್ದು ಹುಡುಕುತ್ತಾ ಇದನ್ನು ಬಳಸಲು ಶುರು ಮಾಡಿದರು. 1989ರಲ್ಲಿ ಅಮೆರಿಕದಲ್ಲಿ ಮೆಳ್ಳಗಣ್ಣಿಗೂ, ರೆಪ್ಪೆ ತಾನಾಗಿ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೂ ಅನುಮತಿ ಸಿಕ್ಕಿತು. ಹುಬ್ಬಿನ ಮಧ್ಯದ ಗೆರೆಗೆ ಅನುಮತಿ ಬಂದಿದ್ದು 2002ರಲ್ಲಿ. ಕಣ್ಣೇ ತೆರೆಯಲಾಗದೆ ಮಗನ ಕೈಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರು ಇದೇ ಇಂಜೆಕ್ಷನ್ ಆದ ಮೇಲೆ ತಾವೇ ಮೆಟ್ಟಿಲು ಇಳಿದು ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ವಿಷ ಹೌದು, ಆದರೆ ಎಷ್ಟು, ಎಲ್ಲಿ, ಯಾರ ಕೈಯಲ್ಲಿ ಅನ್ನುವುದೇ ಮುಖ್ಯ.

ಈಗ ಮುಲುಂಡ್‌ನವರಿಗೆ. ಹುಬ್ಬು ಗಂಟಿಕ್ಕುವ ಸ್ನಾಯುವನ್ನು ಸಡಿಲ ಮಾಡಲು ಮದ್ದು ಹಾಕುತ್ತಾರೆ. ಅದು ಒಂಚೂರು ಕೆಳಗೆ ಹರಡಿದರೆ, ಕಣ್ಣುಗೂಡಿನ ಒಳಗೆ ರೆಪ್ಪೆಯನ್ನು ಎತ್ತಿ ಹಿಡಿಯುವ ಸ್ನಾಯುವಿಗೆ ತಗಲುತ್ತೆ. ಅದೂ ಸಡಿಲ ಆಗುತ್ತೆ, ರೆಪ್ಪೆ ಇಳಿಯುತ್ತೆ. ಇದನ್ನೇ ಟೋಸಿಸ್ ಅನ್ನುತ್ತಾರೆ. ಸೂಜಿ ಕಣ್ಣುಗೂಡಿನ ಮೂಳೆಯ ಅಂಚಿನಿಂದ ಕನಿಷ್ಠ 1 ಸೆಂಟಿಮೀಟರ್ ಮೇಲಿರಬೇಕು ಅನ್ನುವುದು ಅದಕ್ಕೇ. ಬೊಟಾಕ್ಸ್ ಕಂಪನಿಯ ಮಾಹಿತಿ ಪತ್ರದಲ್ಲೇ ಇದು ನೂರರಲ್ಲಿ ಸುಮಾರು 3 ಜನರಿಗೆ ಆಗಿದ್ದು ದಾಖಲಾಗಿದೆ, ಅಂದರೆ ನಿಮಗೊಬ್ಬರಿಗೇ ಆದದ್ದಲ್ಲ. ಮದ್ದು ನರದ ತುದಿಯಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆದಿರುತ್ತೆ ಅಷ್ಟೇ, ನರ ಸತ್ತಿರುವುದಿಲ್ಲ, ಮತ್ತೆ ಚೇತರಿಸಿಕೊಳ್ಳುತ್ತೆ. ಸಾಮಾನ್ಯವಾಗಿ ಎರಡರಿಂದ ಆರು ವಾರ, ಕೆಲವರಿಗೆ ಮೂರು ನಾಲ್ಕು ತಿಂಗಳೂ ಹಿಡಿಯುತ್ತೆ.

ಮೊದಲು ಇಳಿದಿರುವುದು ಹುಬ್ಬೋ ರೆಪ್ಪೆಯೋ ನೋಡಿಕೊಳ್ಳಿ. ಹುಬ್ಬನ್ನು ಬೆರಳಿಂದ ಮೆಲ್ಲಗೆ ಅದರ ಮೊದಲಿನ ಜಾಗಕ್ಕೆ ಎತ್ತಿ. ಕಣ್ಣು ಪೂರ್ತಿ ತೆರೆದರೆ ಇಳಿದಿರುವುದು ಹುಬ್ಬು, ಹಣೆಗೆ ಹಾಕಿದ ಮದ್ದಿನಿಂದ ಆಗಿರುತ್ತೆ. ಎತ್ತಿದ ಮೇಲೂ ರೆಪ್ಪೆಯ ಅಂಚು ಕಣ್ಣಿನ ಪಾಪೆಯನ್ನು ಮುಚ್ಚಿದ್ದರೆ ಅದು ರೆಪ್ಪೆಯದ್ದೇ. ನೀವು ಹೇಳಿದ್ದು ಕೇಳಿದರೆ ರೆಪ್ಪೆ ಅನಿಸುತ್ತೆ, ಆದರೆ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು.

ಅಪ್ರಾಕ್ಲೋನಿಡಿನ್ ಅಂತ ಡ್ರಾಪ್ಸ್ ಇದೆ, 0.5 ಪರ್ಸೆಂಟಿನದು. ರೆಪ್ಪೆ ಎತ್ತಲು ಮುಲ್ಲರ್ ಅಂತ ಇನ್ನೊಂದು ಪುಟ್ಟ ಸ್ನಾಯು ಇದೆ, ಅದು ಬೇರೆ ನರದ ಮಾತು ಕೇಳುತ್ತೆ, ಬೊಟಾಕ್ಸ್ ಅದನ್ನು ಮುಟ್ಟಿರುವುದಿಲ್ಲ. ಡ್ರಾಪ್ಸ್ ಅದನ್ನು ಎಬ್ಬಿಸಿ ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತುತ್ತೆ. ಇದು ಕೆಲವು ಗಂಟೆಯ ಆಸರೆ, ವಾಸಿ ಮಾಡುವ ಮದ್ದಲ್ಲ. ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರಬೇಡಿ.

ಮಸಾಜ್ ಬೇಡ, ಆ ಜಾಗ ಉಜ್ಜಬೇಡಿ. ಕರಗಿಸುವ ಇಂಜೆಕ್ಷನ್ ಇರುವುದು ಚರ್ಮದಡಿ ತುಂಬಿ ಉಬ್ಬಿಸುವ ಫಿಲ್ಲರ್‌ಗೆ, ಬೊಟಾಕ್ಸ್‌ಗಲ್ಲ. ಇವೆರಡನ್ನೂ ಎಲ್ಲರೂ ಕಲಸಿಬಿಡುತ್ತಾರೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು ವಸ್ತು ಎರಡಾಗಿ ಕಂಡರೆ, ನುಂಗಲು, ಮಾತಾಡಲು, ಉಸಿರಾಡಲು ಕಷ್ಟ ಆದರೆ, ಒಂದು ಪಾಪೆ ದೊಡ್ಡದಾಗಿ ಕಂಡರೆ, ಜೋರು ತಲೆನೋವು ಬಂದರೆ, ಬಾಯಿ ಸೊಟ್ಟಗಾದರೆ ಬೊಟಾಕ್ಸ್ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ರೆಪ್ಪೆ ಇಳಿಯಲು ಬೇರೆ ಕಾರಣವೂ ಇರುತ್ತೆ. ಮಯಸ್ತೇನಿಯಾ ಗ್ರೇವಿಸ್ ಅಂತ ಸ್ನಾಯು ಬೇಗ ಸೋಲುವ ಕಾಯಿಲೆ ಇದ್ದವರಿಗಂತೂ ಈ ಮದ್ದಿನಿಂದ ಅಪಾಯ ಜಾಸ್ತಿ.

ಕೊತ್ರೂಡ್ ಕನ್ನಡಿಗ:

ಸಿಸ್ಟರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಮುಲುಂಡ್ ಅಕ್ಕ, ಈ ಹೊತ್ತಲ್ಲಿ ಆ ಪ್ರಶ್ನೆ ಕೇಳಬಾರದಿತ್ತು, ಕ್ಷಮಿಸಿ. ತಂಗಿ ಹೋಗುವುದಾದರೆ ಏನು ಕೇಳಿಕೊಳ್ಳಬೇಕು?

ಮಾಟುಂಗಾ ಸಿಸ್ಟರ್:

ಸೂಜಿ ಹಾಕುವವರು ಡಾಕ್ಟರಾ, ಯಾವ ಕಂಪನಿಯ ಮದ್ದು, ಎಷ್ಟು ಯುನಿಟ್, ಬಾಟಲಿಯ ಬ್ಯಾಚ್ ನಂಬರ್ ಏನು. ಬಾಟಲಿಯನ್ನು ಅವಳ ಎದುರಿಗೇ ತೆರೆಯಲಿ, ಎಲ್ಲ ಚೀಟಿಯಲ್ಲಿ ಬರೆದು ಕೊಡಲಿ. ತೊಂದರೆಯಾದರೆ ಫೋನ್ ಎತ್ತುವವರು ಯಾರು ಅಂತಲೂ ಕೇಳಲಿ. ಬಸುರಿ, ಬಾಣಂತಿ ಆಗಿದ್ದರೆ ಬೇಡವೇ ಬೇಡ. ಮುಲುಂಡ್‌ನವರೂ ಈಗಲೇ ಆ ವಿವರ ಬರೆಸಿಕೊಳ್ಳಿ, ಕೊಡದೆ ಇರಲು ಅವರಿಗೆ ಕಾರಣವೇ ಇಲ್ಲ.

ಮುಲುಂಡ್‌ನವಳು:

ಎಲ್ಲರಿಗೂ ಏನು ಹೇಳಲಿ, ಆ ರಾತ್ರಿ ನಿದ್ದೆ ಬಂತು. ಕೊತ್ರೂಡ್ ಅಣ್ಣ, ಬೇಸರ ಇಲ್ಲ, ನಮ್ಮ ಮನೆಯವರೂ ಅದನ್ನೇ ಕೇಳಿದ್ದರು.

ಇವತ್ತಿಗೆ 20 ದಿನ. ಟಚಪ್ ಬೇಡ ಅಂದೆ. ಕ್ಲಿನಿಕ್‌ಗೆ ನಾನೇ ಹೋಗಿ ಡಾಕ್ಟರು ಹೊರಗೆ ಬರುವ ತನಕ ಕೂತಿದ್ದೆ, ಯುನಿಟ್, ಬ್ಯಾಚ್ ನಂಬರ್ ಎಲ್ಲ ಬರೆಸಿಕೊಂಡು ಬಂದೆ. ಕಣ್ಣಿನ ಡಾಕ್ಟರು ಪುಟ್ಟ ಸ್ಕೇಲ್ ಹಿಡಿದು ಅಳೆದರು, ಎಡಕ್ಕಿಂತ ಬಲ 2 ಮಿಲಿಮೀಟರ್ ಕೆಳಗಿದೆ. ಪಾಪೆ, ಕಣ್ಣಿನ ಚಲನೆ ಎಲ್ಲ ಸರಿಯಾಗಿದೆ. ಅದೇ ಡ್ರಾಪ್ಸ್ ಬರೆದುಕೊಟ್ಟರು. ಹಾಕಿದ ಅರ್ಧ ಗಂಟೆಗೆ ಕಣ್ಣು ತೆರೆದುಕೊಂಡಿತು, ಬಾಯಿ ಸ್ವಲ್ಪ ಒಣಗುತ್ತೆ. ಮದುವೆ ದಿನ ಧಾರೆಗೆ ಮುಂಚೆ ಒಂದು ಹನಿ ಹಾಕಿಕೊಳ್ಳಬಹುದು ಅಂದಿದ್ದಾರೆ.

ಅಮ್ಮನಿಗೂ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ, "ಹತ್ತಿರ ಬಾ, ನೋಡೋಣ" ಅಂದಳು ಅಷ್ಟೇ. ಫೋನನ್ನು ಕಣ್ಣಿನ ಹತ್ತಿರ ಹಿಡಿದೆ. ಡೊಂಬಿವಲಿ ಅಕ್ಕ, ಇವತ್ತು ಬೆಳಿಗ್ಗೆ ಡ್ರಾಪ್ಸ್ ಹಾಕುವ ಮೊದಲೇ ತೆಗೆದ ಫೋಟೋದಲ್ಲಿ ಪಾಪೆ ಪೂರ್ತಿ ಕಾಣಿಸುತ್ತಿದೆ, ಒಂಬತ್ತನೇ ದಿನದ್ದರಲ್ಲಿ ಅರ್ಧವೇ ಇತ್ತು.