ಲೂಥಿಯರ್‌ಗೆ ಕನ್ನಡದಲ್ಲಿ ಏನಂತಾರೆ? (ಬೋರ್ಡ್ ನಾಳೆ ಬೆಳಿಗ್ಗೆ ಬರೆಸಬೇಕು)

ಸು. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ.

ತತ್ವಪದದ ಹುಚ್ಚು ಹತ್ತಿ ಒಂದು ತಂಬೂರಿ ಮಾಡಿಸಿಕೊಂಡೆ. ಅಂಗಡಿಯದಲ್ಲ. ಶೆಡ್ಡಿನಲ್ಲಿ ಒಬ್ಬರೇ ಕೂತು ಕೈಯಲ್ಲೇ ಮಾಡುವವರ ಹತ್ತಿರ. ಮೂರು ತಿಂಗಳು ಕಾಯಿಸಿದರು. ಬೇಜಾರಿಲ್ಲ. ಹೋದಾಗಲೆಲ್ಲ ಒಂದಲ್ಲ ಒಂದು ಕೆಲಸ ನೋಡಲು ಸಿಗುತ್ತಿತ್ತು. ಒಣಗಿದ ಸೋರೆಬುರುಡೆಯನ್ನು ಬೆರಳಲ್ಲಿ ತಟ್ಟಿ, ಕಿವಿಗಿಟ್ಟು, "ಇದು ಮೂಗ" ಅಂತ ಪಕ್ಕಕ್ಕೆ ಇಟ್ಟುಬಿಡುತ್ತಿದ್ದರು. ನನ್ನದಕ್ಕೆ ನಾಲ್ಕನೆಯ ಬುರುಡೆ ಪಾಸಾಯಿತು.

ಮೊನ್ನೆ ತರಲು ಹೋದಾಗ, "ಮೇಡಂ, ನಿಮಗೆ ಬರವಣಿಗೆ ಬರುತ್ತಲ್ಲ, ನನಗೊಂದು ಬೋರ್ಡ್ ಬರೆದುಕೊಡಿ" ಅಂದರು. ಅವರ ಮಗ ಈಗಾಗಲೇ ಇಂಗ್ಲಿಷಿನಲ್ಲಿ ಕಾರ್ಡ್ ಮಾಡಿಸಿದ್ದಾನೆ. ಅದರಲ್ಲಿ ಇಂಡಿಪೆಂಡೆಂಟ್ ಲೂಥಿಯರ್, ಹ್ಯಾಂಡ್‌ಮೇಡ್, ಕಸ್ಟಮ್ ಆರ್ಡರ್ ಅಂತೆಲ್ಲ ಇದೆ. ಇದನ್ನೇ ಕನ್ನಡದಲ್ಲಿ ಹೇಳಬೇಕು. ಮುಖ್ಯವಾಗಿ ಲೂಥಿಯರ್‌ಗೆ ಒಂದು ಪದ ಬೇಕು, ಅಂದರೆ ತಂತಿವಾದ್ಯ ಮಾಡುವವರಿಗೆ. ಬೋರ್ಡ್ ಬರೀ ನಾಲ್ಕು ಅಡಿ ಅಗಲ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ.

ಇನ್ನೊಂದು. ವಾದ್ಯದ ಜೊತೆ ಕೊಡುವ ಚೀಟಿಯನ್ನು ಮಗ ಫೋನಿನಲ್ಲೇ ಅನುವಾದ ಮಾಡಿದ್ದಾನೆ. "ಎಲ್ಲಾ ತಂತಿಗಳನ್ನು ಒಮ್ಮೆಲೇ ಸಡಿಲಿಸಬೇಡಿ, ಸೇತುವೆ ಕುಸಿಯುತ್ತದೆ." ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮನೆಗೆ ಬಂದು ಒರೆಸೋಣ ಅಂತ ಎಲ್ಲಾ ತಂತಿ ಸಡಿಲಿಸಿದೆ. ಸೇತುವೆ ಕುಸಿಯಿತು. ಅದಕ್ಕೆ ಅಂಟು ಹಾಕಿರುವುದಿಲ್ಲವಂತೆ, ತಂತಿಯ ಒತ್ತಡದಲ್ಲೇ ನಿಂತಿರುತ್ತದಂತೆ. ಈಗ ನಗು ಬರ್ತಿಲ್ಲ. ತಂತಿಗಳನ್ನು ಹೊತ್ತು ನಿಲ್ಲುವ ಆ ತುಂಡಿಗೆ (ಇಂಗ್ಲಿಷಿನ ಬ್ರಿಜ್) ಸರಿಯಾದ ಪದ ಏನು?

*

ಶಂ. ಬರೆದದ್ದು:

ಎರಡನೆಯದಕ್ಕೆ ಮೊದಲು ಉತ್ತರ. ಕುದುರೆ. ವೀಣೆಯವರೆಲ್ಲ ಹೇಳುವುದು ಅದನ್ನೇ. ತಂತಿ ಬಿಗಿಯುವುದು ಬಿರಡೆ. ಹಿಡಿಯುವ ಉದ್ದದ ಕೋಲು ದಂಡಿ. ಸೇತುವೆ ಲೋಕೋಪಯೋಗಿ ಇಲಾಖೆಗೆ ಸೇರಿದ್ದು.

ಮೊದಲನೆಯದಕ್ಕೆ "ತಂತುವಾದ್ಯ ನಿರ್ಮಾತೃ" ಅಂತ ಬರೆಸಿ. ಗಂಭೀರವಾಗಿರುತ್ತದೆ. ಇಲ್ಲವೇ "ವೈಣಿಕಶಿಲ್ಪಿ".

*

ಹು. ಬರೆದದ್ದು:

ಮೇಷ್ಟ್ರೇ, ವೈಣಿಕ ಅಂದರೆ ವೀಣೆ ನುಡಿಸುವವನು. ವೈಣಿಕಶಿಲ್ಪಿ ಅಂದರೆ ವೀಣೆ ನುಡಿಸುವವರನ್ನು ಕೆತ್ತುವವನು ಅಂತಾಯ್ತು. ನಿರ್ಮಾತೃ ಅಂತ ಬರೆಸಿದರೆ ಪೇಂಟರ್ ಅದನ್ನು ನಿರ್ಮಾಪಕ ಮಾಡುತ್ತಾನೆ, ಮಾರನೇ ದಿನ ಜನ ಸಿನಿಮಾ ಕತೆ ಹಿಡಿದುಕೊಂಡು ಶೆಡ್ಡಿಗೆ ಬರ್ತಾರೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರಕ್ಕೆ ಹೋಗಿ ನೋಡಿ. ಹಲಸಿನ ಮರದಲ್ಲಿ ವೀಣೆ ಮಾಡುವ ಊರು ಅದು. "ವೀಣೆ ಮಾಡೋರ ಮನೆ ಎಲ್ಲಿ" ಅಂದರೆ ಚಿಕ್ಕ ಹುಡುಗನೂ ಕೈ ತೋರಿಸುತ್ತಾನೆ. ವೈಣಿಕಶಿಲ್ಪಿಗಳ ಗೃಹ ಎಲ್ಲಿ ಅಂತ ಕೇಳಿ ನೋಡೋಣ.

*

ಅ. ಬರೆದದ್ದು:

ಮತ್ತೆ ಅದೇ ಹಾಡು. ತಂತು, ವಾದ್ಯ, ನಿರ್ಮಾತೃ ಮೂರೂ ಎರವಲು. ಕನ್ನಡಕ್ಕೆ ತನ್ನದೇ ಬೇರುಗಳಿವೆ. ತಂತಿಯನ್ನು ಏನು ಮಾಡುತ್ತೇವೆ? ಮೀಟುತ್ತೇವೆ. ಮಾಡುವುದಕ್ಕೆ ಹಳೆಯ ಪದ ಎಸಗು. ಹಾಗಾಗಿ "ಮೀಟೆಸಗ". ಚಿಕ್ಕದು, ನಾಲ್ಕೇ ಅಕ್ಷರ, ಬೋರ್ಡಿನಲ್ಲಿ ದಪ್ಪಗೆ ಬರೆಯಬಹುದು. ಹ್ಯಾಂಡ್‌ಮೇಡ್‌ಗೆ "ಕೈಮಾಡಿದ".

*

ಹು. ಬರೆದದ್ದು:

ಬಾಗಿಲು ಮೀಟುತ್ತಾರೆ, ಬೀಗ ಮೀಟುತ್ತಾರೆ. ಎಸಗುವುದು ಅಂದರೆ ಇವತ್ತು ಪೇಪರಿನಲ್ಲಿ ಬರೋದು ಕೃತ್ಯ ಎಸಗುವುದು, ದ್ರೋಹ ಎಸಗುವುದು. "ಮೀಟೆಸಗ" ಅಂತ ಬೋರ್ಡ್ ಹಾಕಿದರೆ ಮೊದಲ ಗಿರಾಕಿ ಠಾಣೆಯಿಂದ ಬರುತ್ತಾನೆ.

ಯಾರಿಗಾದರೂ ಕೈಮಾಡುವುದು ಅಂದರೆ ಏನು ಅಂತ ನಿಮಗೆ ಗೊತ್ತಿಲ್ವಾ? ಕೈಮಾಡಿದ ತಂಬೂರಿ! ಏಟು ತಿಂದ ತಂಬೂರಿಯನ್ನು ಯಾರು ಕೊಳ್ಳುತ್ತಾರೆ?

*

ಅ. ಬರೆದದ್ದು:

ನಗುವುದು ಸುಲಭ. ಕೈಮಗ್ಗ, ಕೈಗನ್ನಡಿ, ಕೈದೋಟ ಅಂದಾಗ ನಗಲ್ಲ, ಅಲ್ವಾ? ಬಳಸಿದರೆ ಪಳಗುತ್ತದೆ.

*

ದ. ಬರೆದದ್ದು:

ಜಗಳದ ನಡುವೆ ನನ್ನದೊಂದು. ಲೂಥಿಯರ್ ಅನ್ನುವುದು ಫ್ರೆಂಚ್. ಲ್ಯೂಟ್ ಅನ್ನುವ ತಂತಿವಾದ್ಯ ಮಾಡುವವನು ಅಂತ ಅರ್ಥ, ಈಗ ಗಿಟಾರ್, ಪಿಟೀಲು ಮಾಡುವವರಿಗೂ ಅದೇ ಹೆಸರು. ಲ್ಯೂಟ್ ಎಲ್ಲಿಂದ ಬಂತು? ಅರಬ್ಬಿಯ "ಅಲ್-ಊದ್" ಅನ್ನುವ ವಾದ್ಯದಿಂದ. ಊದ್ ಅಂದರೆ ಮರ, ಕಟ್ಟಿಗೆ. ಅಲ್ ಅನ್ನುವುದು ಅರಬ್ಬಿಯಲ್ಲಿ ಹೆಸರಿನ ಮುಂದೆ ಬರುವ ಗುರುತು. ಅದರ ಲಕಾರ ಯೂರೋಪಿಗೆ ಹೋಗಿ ಪದಕ್ಕೇ ಅಂಟಿಕೊಂಡಿತು.

ಈಗ ಮಜಾ ನೋಡಿ. ಅದೇ ಊದ್ ಸುಗಂಧದ ಅಗರು ಮರಕ್ಕೂ ಹೆಸರು. ಅದು ಪಾರಸಿ ದಾರಿಯಲ್ಲಿ ನಮ್ಮ ಮನೆಗೂ ಬಂದಿದೆ. ಊದುಬತ್ತಿ, ಊದಿನಕಡ್ಡಿ! ಲೂಥಿಯರ್ ಮತ್ತು ಊದಿನಕಡ್ಡಿ ಒಂದೇ ಬಳಗ. ನಾವು ದಿನಾ ಬೆಳಿಗ್ಗೆ ದೇವರ ಮುಂದೆ ಲೂಥಿಯರನ ನೆಂಟನನ್ನು ಹಚ್ಚುತ್ತಿದ್ದೇವೆ.

ಹಾಗಾಗಿ ಮೂಲಕ್ಕೆ ಹೋದರೆ ಲೂಥಿಯರ್ ಅಂದರೆ ಮರದವನು, ನಮ್ಮ ಬಡಗಿ. "ತಂಬೂರಿ ಬಡಗಿ" ಅಂತ ಬರೆಸಿ.

*

ಅ. ಬರೆದದ್ದು:

ಊದಿನಕಡ್ಡಿ ಕನ್ನಡದ್ದೇ. ಹೊಗೆ ಊದುತ್ತದೆ, ಅದಕ್ಕೆ ಊದಿನಕಡ್ಡಿ. ಎಲ್ಲದಕ್ಕೂ ಅರಬ್ಬಿಗೆ ಓಡಬೇಕಾಗಿಲ್ಲ.

ಬಡಗಿ ಒಪ್ಪಬಹುದು. ಅಚ್ಚಗನ್ನಡ.

*

ದ. ಬರೆದದ್ದು:

ಊದುವುದು ನಾವು, ಕಡ್ಡಿಯಲ್ಲ. ಹಾಗೂ ಹಿಂದಿ, ಮರಾಠಿಯವರೂ ಉದಬತ್ತಿ ಅನ್ನುತ್ತಾರೆ. ಅವರಿಗೂ ನಮ್ಮ "ಊದು" ಧಾತು ಕಲಿಸಿದ್ದು ಯಾರು?

ಬಡಗಿ ಸಂಸ್ಕೃತದ ವರ್ಧಕಿಯ ತದ್ಭವ. ನಿಮಗೆ ಬೇಸರವಾದರೆ ಕ್ಷಮಿಸಿ.

*

ಶಂ. ಬರೆದದ್ದು:

ತದ್ಭವ ಅಂದಮೇಲೆ ಕನ್ನಡವೇ. ಆದರೆ ಬಡಗಿ ಅಂತ ಬರೆಸಿದರೆ ಜನ ಮಂಚ ರಿಪೇರಿಗೆ ಬರ್ತಾರೆ.

ನನ್ನ ವೈಣಿಕಶಿಲ್ಪಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿರ್ಮಾತೃವನ್ನಲ್ಲ.

*

ಸು. ಬರೆದದ್ದು:

ಸಾರ್, ಸಂಜೆ ಆರಾಯ್ತು. "ತಂತಿಗಾರ" ಅಂದರೆ ಹೇಗೆ? ಬಳೆಗಾರ, ಕಂಚುಗಾರ ಇದ್ದ ಹಾಗೆ?

*

ಹು. ಬರೆದದ್ದು:

ಅಕ್ಕಾ, ಈ ಗಾರ ಇದೆಯಲ್ಲ, ಅದನ್ನು ನಂಬಬೇಡಿ. ಕಂಚುಗಾರ ಕಂಚಿನ ಕೆಲಸ ಮಾಡುತ್ತಾನೆ. ಬಳೆಗಾರ ಬಳೆ ಮಾರುತ್ತಾನೆ. ಮದ್ದಲೆಗಾರ ಮದ್ದಲೆ ಬಾರಿಸುತ್ತಾನೆ. ಒಂದೇ ಬಾಲ, ಮೂರು ಕಸುಬು. ವಾದ್ಯದ ಪಕ್ಕ ಗಾರ ಬಂದರೆ ನಮ್ಮ ಕಿವಿಗೆ ಕೇಳಿಸುವುದು ನುಡಿಸುವವನೇ. ತಂಬೂರಿಯವರು ಅಂತ ಬರೆಸಿದರೂ ಅದೇ ಗತಿ. ತಂಬೂರಿಯವರು ಅಂದರೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಅಂದುಕೊಳ್ಳುತ್ತಾರೆ. ನೋಡಿ, ಅಲ್ಲೂ ಒಬ್ಬ ಗಾರ, ಅವನು ಇನ್ನೊಂದೇ ಥರ.

ತಂತಿಗಾರ ಅಂದರೆ ನನ್ನ ವಯಸ್ಸಿನವರಿಗೆ ಟೆಲಿಗ್ರಾಮ್ ಕೊಡಲು ಬಂದವನು. ತಂತಿ ಬಂತು ಅಂದರೆ ಮನೆಮಂದಿಯೆಲ್ಲ ಅಳೋಕೆ ಶುರು ಮಾಡುತ್ತಿದ್ದ ಕಾಲ.

ನಾವು ಹೆಸರಿನ ಹಿಂದೆ ಬಿದ್ದಿದ್ದೇ ತಪ್ಪು. ಇಂಗ್ಲಿಷಿಗೆ ಒಬ್ಬ ಲೂಥಿಯರ್ ಬೇಕು. ಕನ್ನಡದ ಬೋರ್ಡುಗಳನ್ನು ನೋಡಿ. "ಇಲ್ಲಿ ಛತ್ರಿ ರಿಪೇರಿ ಮಾಡಲಾಗುವುದು." ಮಾಡುವವನು ಯಾರು ಅಂತ ಇಲ್ಲವೇ ಇಲ್ಲ, ಆದರೂ ಛತ್ರಿ ರಿಪೇರಿಯಾಗುತ್ತದೆ. ನಮ್ಮಲ್ಲಿ ಕ್ರಿಯಾಪದ ಸಾಕು.

*

ಶಂ. ಬರೆದದ್ದು:

"ಲಾಗುವುದು" ನನ್ನ ಕಿವಿಗೆ ಇಂಗ್ಲಿಷ್ ಕರ್ಮಣಿಯ ನಕಲಿನ ಹಾಗೆ ಕೇಳಿಸುತ್ತದೆ. ಸಹಜ ಅನ್ನಿಸುವುದಿಲ್ಲ.

*

ಹು. ಬರೆದದ್ದು:

ನಿಮ್ಮ ಬೀದಿಯ ಬೋರ್ಡುಗಳಿಗೆ ಹೇಳಿ ಮೇಷ್ಟ್ರೇ.

*

ಅ. ಬರೆದದ್ದು:

ಹೀಗೆ ಬಿಡುತ್ತಾ ಹೋದರೆ ನಾಳೆ ಲೂಥಿಯರ್ ಅನ್ನುವುದನ್ನೇ ಇಟ್ಟುಕೊಳ್ಳಿ ಅನ್ನುತ್ತೀರಿ.

*

ದ. ಬರೆದದ್ದು:

ಇಟ್ಟುಕೊಂಡವರಿದ್ದಾರೆ. ಮೀರಜಿನಲ್ಲಿ ಸಿತಾರ್, ತಂಬೂರ ಮಾಡುವ ಮನೆತನದವರ ಅಡ್ಡಹೆಸರೇ ಸಿತಾರ್‌ಮೇಕರ್. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ಅವರು, ಆಮೇಲೆ ವಾದ್ಯಕ್ಕೆ ಇಳಿದರು. ಹೆಸರಿನಲ್ಲಿ ಅರ್ಧ ಪಾರಸಿ, ಅರ್ಧ ಇಂಗ್ಲಿಷ್. ಸಿತಾರ್ ಅಂದರೆ ಪಾರಸಿಯಲ್ಲಿ ಮೂರು ತಂತಿ. ಈಗಿನ ಸಿತಾರದಲ್ಲಿ ಎಷ್ಟು ತಂತಿ ಇವೆ ಅಂತ ಎಣಿಸಿ ನೋಡಿ. ಅರ್ಥ ತಪ್ಪಿತು ಅಂತ ಯಾರೂ ತಂತಿ ಕಿತ್ತಿಲ್ಲ. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಗಳಿಗೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿತು. ಎರವಲು ಪದದಿಂದ ನಾದ ಕೆಡಲಿಲ್ಲ.

*

ಅ. ಬರೆದದ್ದು:

ನಾದ ಕೆಡಲ್ಲ, ನುಡಿ ಕೆಡುತ್ತದೆ. ಬಸವಣ್ಣನವರು ತಮ್ಮ ಮೈಯನ್ನೇ ವಾದ್ಯ ಮಾಡು ಅಂತ ಕೇಳಿದ ವಚನದಲ್ಲಿ ದಂಡಿಗೆ, ಸೋರೆ, ತಂತಿ, ಕಡ್ಡಿ ನಾಲ್ಕೂ ಇವೆ. 12ನೇ ಶತಮಾನದಲ್ಲಿ ಇದ್ದದ್ದು ಈಗ ಯಾಕಿಲ್ಲ?

*

ದ. ಬರೆದದ್ದು:

ನೀವೇ ಕೊಟ್ಟ ಪಟ್ಟಿಯಲ್ಲಿ ದಂಡಿಗೆ ಸಂಸ್ಕೃತದ ದಂಡದಿಂದ, ತಂತಿ ತಂತ್ರಿಯಿಂದ. ಬಸವಣ್ಣನವರಿಗೆ ಇಲ್ಲದ ಮಡಿ ನಿಮಗ್ಯಾಕೆ?

ತಂತಿ ಅಂದಕೂಡಲೇ ನೆನಪಾಯ್ತು. ತಂತು, ತಂತ್ರಿ, ತಂತ್ರ ಎಲ್ಲಾ ಹಿಗ್ಗಿಸುವುದು, ಎಳೆದು ಬಿಗಿಯುವುದು ಅನ್ನುವ ಒಂದೇ ಧಾತುವಿನಿಂದ. ಸ್ವತಂತ್ರದಲ್ಲೂ ಅದೇ ತಂತ್ರ. ಕಾರ್ಡಿನಲ್ಲಿರುವ ಇಂಡಿಪೆಂಡೆಂಟ್‌ಗೆ ಸ್ವತಂತ್ರ ಅಂತ ಹಾಕಿ, ತನ್ನ ತಂತಿಯನ್ನು ತಾನೇ ಬಿಗಿದುಕೊಂಡವನು ಅಂತಾಗುತ್ತದೆ. ಇಷ್ಟು ಚೆಂದದ ಕಾಕತಾಳೀಯ ಇಂಗ್ಲಿಷಿನಲ್ಲೂ ಇಲ್ಲ.

*

ಹು. ಬರೆದದ್ದು:

ಬೋರ್ಡಿನಲ್ಲಿ ಸ್ವತಂತ್ರ ಅಂತ ಕಂಡರೆ ಚುನಾವಣೆಗೆ ನಿಂತಿದ್ದಾರಾ ಅಂತ ಕೇಳ್ತಾರೆ.

ಕಸ್ಟಮ್ ಆರ್ಡರ್ ಬಗ್ಗೆ ಯಾರೂ ಮಾತಾಡಲಿಲ್ಲ. ಅದಕ್ಕೆ ಪದ ಹುಡುಕುವುದೇ ಬೇಡ. ಹೇಳಿ ಮಾಡಿಸಿದ್ದು. "ಹೇಳಿ ಮಾಡಿಸಿದ ಹಾಗಿದೆ" ಅಂತ ದಿನಾ ಅನ್ನುತ್ತೇವೆ, ಬೋರ್ಡಿಗೆ ಬರೆಯುವಾಗ ಮಾತ್ರ ಮರೆತುಬಿಡುತ್ತೇವೆ.

ಚೀಟಿಯಲ್ಲಿ ಇನ್ನೇನಿದೆ ಅಕ್ಕಾ? ಅದನ್ನೂ ಹಾಕಿ. ಅಲ್ಲಿ ಸೇತುವೆಗಿಂತ ದೊಡ್ಡ ಅನಾಹುತ ಇರಬಹುದು.

*

ಸು. ಬರೆದದ್ದು:

ಇದೆ. "ಶಬ್ದ ಸರಿ ಬಾರದಿದ್ದರೆ ಜವಾರಿ ಮಾಡಿಸಿ" ಅಂತ ಒಂದು ಸಾಲು. ಇದು ಮಗನ ಅನುವಾದ ಅಲ್ಲ, ಅವರೇ ಹೇಳಿ ಬರೆಸಿದ್ದು. ಇದೇನು?

ಇನ್ನೊಂದು, ಅವರು ಕಿನ್ನರಿಯನ್ನೂ ಮಾಡುತ್ತಾರೆ. ಅದರ ಚೀಟಿಯಲ್ಲಿ ಫ್ರೆಟ್‌ಗೆ, ಅಂದರೆ ದಂಡಿಯ ಮೇಲೆ ಸ್ವರಕ್ಕೆ ಬೆರಳೊತ್ತುವ ಪಟ್ಟಿಗೆ, ಮಗ "ಚಿಂತೆ" ಅಂತ ಹಾಕಿದ್ದಾನೆ. ಇಂಗ್ಲಿಷಿನಲ್ಲಿ ಫ್ರೆಟ್ ಅಂದರೆ ಚಿಂತಿಸುವುದೂ ಹೌದಲ್ಲ. "ಚಿಂತೆಗಳು ಸವೆದರೆ ತಿಳಿಸಿ."

*

ಶಂ. ಬರೆದದ್ದು:

ಮೆಟ್ಟು. ಮೆಟ್ಟಿಲು ಅಂದರೂ ಆಗುತ್ತದೆ. ವೀಣೆಗೆ 24 ಇರುತ್ತವೆ. ಅವನ್ನು ಮೇಣದಲ್ಲಿ ಕೂರಿಸುವುದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ.

ಚಿಂತೆಗಳು ಸವೆದರೆ ನನಗೂ ತಿಳಿಸಿ.

*

ಹು. ಬರೆದದ್ದು:

ಮೇಷ್ಟ್ರು ನಕ್ಕಿದ್ದು ಇದೇ ಮೊದಲು!

ಜವಾರಿ ವಿಷಯ. ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಂದಿ. ಆದರೆ ತಂಬೂರಿಯವರ ಬಾಯಲ್ಲಿ ಜವಾರಿ ಬೇರೆ. ಕುದುರೆಯ ಬೆನ್ನು ಚಪ್ಪಟೆ ಇರುತ್ತದೆ, ನೋಡಿದ್ದೀರಲ್ಲ? ಅದಕ್ಕೆ ಒಂದು ಸಣ್ಣ ಇಳಿಜಾರು ಕೊಡುತ್ತಾರೆ. ತಂತಿ ಅಲುಗುವಾಗ ಆ ಬೆನ್ನನ್ನು ಸವರುತ್ತಾ ಹೋಗುತ್ತದೆ. ಜುಂಯ್ ಅನ್ನುವ ಆ ಝೇಂಕಾರ ಬರುವುದು ಅಲ್ಲಿಂದ. ತಂತಿ ಉಜ್ಜಿ ಉಜ್ಜಿ ಬೆನ್ನಿನಲ್ಲಿ ಗೀರು ಬಿದ್ದರೆ ದನಿ ಸಾಯುತ್ತದೆ. ಆಗ ಅದನ್ನು ಮತ್ತೆ ಅರದಿಂದ ಉಜ್ಜಿ ಹದ ಮಾಡುವುದೇ ಜವಾರಿ ಮಾಡುವುದು. ತಂತಿ ಮತ್ತು ಕುದುರೆಯ ನಡುವೆ ದಾರದ ಎಳೆಯನ್ನು ಹಿಂದೆ ಮುಂದೆ ಸರಿಸಿದರೆ ದನಿ ಪಟ್ಟನೆ ಅರಳುವ ಜಾಗ ಒಂದು ಸಿಗುತ್ತದೆ. ಕೊಳ್ಳುವವರು ನೋಡಬೇಕಾದ್ದು ಪಾಲಿಶ್ ಅಲ್ಲ, ಇದನ್ನು.

ಸಾಲು ಹಾಗೇ ಇರಲಿ. ಸೇತುವೆ ಇರುವಲ್ಲಿ ಮಾತ್ರ ಕುದುರೆ ಅಂತ ತಿದ್ದಿ.

*

ದ. ಬರೆದದ್ದು:

ಕುದುರೆ ಬಗ್ಗೆ ಒಂದೇ ಸಾಲು. ಪಿಟೀಲಿನ ಅದೇ ತುಂಡಿಗೆ ಫ್ರೆಂಚರು ಪುಟ್ಟ ಕುದುರೆ ಅನ್ನುತ್ತಾರೆ, ತಮಿಳರಿಗೂ ಅದು ಕುದುರೆ, ಪಾರಸಿಯವರಿಗೆ ಪುಟ್ಟ ಕತ್ತೆ. ಯಾರೂ ಯಾರಿಂದಲೂ ಎರವಲು ಪಡೆಯಬೇಕಿರಲಿಲ್ಲ. ತಂತಿ ಹೊತ್ತು ನಿಂತದ್ದನ್ನು ನೋಡಿದವರಿಗೆಲ್ಲ ಹಾಗೇ ಕಂಡಿರಬೇಕು. ಸೇತುವೆ ಕಂಡದ್ದು ಇಂಗ್ಲಿಷಿನವರಂಥ ಕೆಲವರಿಗೆ.

*

ಅ. ಬರೆದದ್ದು:

ಒಂದೇ ಸಾಲು ಅಂದಿರಿ. ಎಣಿಸಿದೆ, ನಾಲ್ಕು.

ಮೀಟೆಸಗ ಬೇಡವಾದರೆ "ತಂಬೂರಿ ಕಟ್ಟುಗ". ಮನೆ ಕಟ್ಟುತ್ತೇವೆ, ಪದ ಕಟ್ಟುತ್ತೇವೆ, ಮೇಳ ಕಟ್ಟುತ್ತೇವೆ. ಕಟ್ಟು ನಮ್ಮದೇ ಧಾತು.

*

ಹು. ಬರೆದದ್ದು:

ಕಟ್ಟು ಒಳ್ಳೆಯದು. ಗ ತೆಗೆದುಬಿಡಿ.

*

ಸು. ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡ್ ಆಯ್ತು. ನಾನು ಬರೆದುಕೊಂಡು ಹೋಗಿದ್ದು "ತಂಬೂರಿ, ಏಕತಾರಿ, ಕಿನ್ನರಿ ಕಟ್ಟಿಕೊಡುತ್ತೇವೆ" ಅಂತ. ಅವರು ಚೀಟಿ ಹಿಡಿದು ಎರಡು ಸಲ ಓದಿದರು. "ಕಟ್ಟಿಕೊಡ್ತೀವಿ ಅಂದ್ರೆ ಪೇಪರಲ್ಲಿ ಸುತ್ತಿ ಪಾರ್ಸಲ್ ಮಾಡಿಕೊಡ್ತೀವಿ ಅಂದುಕೊಳ್ಳಲ್ವಾ ಮೇಡಂ?" ಅಂದರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಪೇಂಟರ್ ಬ್ರಷ್ ಹಿಡಿದು ಕಾಯುತ್ತಾ ನಿಂತಿದ್ದ.

ಕೊನೆಗೆ ಅವರೇ ಹೇಳಿದರು, ಅವನು ಬರೆದ:

ಇಲ್ಲಿ ತಂಬೂರಿ ಏಕತಾರಿ ಕಿನ್ನರಿ
ನೀವು ಹೇಳಿದ ಹಾಗೆ ಮಾಡಿಕೊಡಲಾಗುವುದು
ರಿಪೇರಿಯೂ ಉಂಟು

ರಿಪೇರಿ ಎಲ್ಲಕ್ಕಿಂತ ದಪ್ಪಗಿದೆ. ಕೆಲಸ ಜಾಸ್ತಿ ಬರುವುದು ಅದರಿಂದಲೇ ಅಂತೆ. ಚೀಟಿಯಲ್ಲಿ ಕುದುರೆ, ಮೆಟ್ಟು ಎರಡೂ ಸರಿಯಾದವು. ನನ್ನ ಕುದುರೆಯನ್ನೂ ನಿಲ್ಲಿಸಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

*

ಶಂ. ಬರೆದದ್ದು:

"ಲಾಗುವುದು" ಗೆದ್ದಿತು. ನಡೆಯಲಿ.

*

ಅ. ಬರೆದದ್ದು:

ರಿಪೇರಿ ಇಂಗ್ಲಿಷ್. ಕನ್ನಡದಲ್ಲಿ ದುರಸ್ತಿ ಅಂತ ಒಳ್ಳೆಯ ಪದ ಇತ್ತು.

*

ದ. ಬರೆದದ್ದು:

ದುರಸ್ತಿ ಪಾರಸಿ.

*

ಸು. ಬರೆದದ್ದು:

ಬಣ್ಣ ಒಣಗಿದೆ ಸಾರ್.