ಅಮ್ಮನ ಬೆನ್ನಿಗೆ ಸೂಜಿ ಹಾಕಬೇಕಾದವರು ಯಾರು? ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ

ದಾವಣಗೆರೆ ಮಗಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ. ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ಜಾರಿ, ಏಳು ತಿಂಗಳಿಂದ ಸೊಂಟದಿಂದ ಎಡಗಾಲಿನ ಹೆಬ್ಬೆರಳ ತನಕ ಸೆಳೆತ. ಮಾತ್ರೆ, ಬೆಲ್ಟು, ಫಿಸಿಯೋಥೆರಪಿ ಎಲ್ಲ ಆಯಿತು. ಈಗ ಎಪಿಡ್ಯೂರಲ್, ಅಂದರೆ ಬೆನ್ನುಹುರಿಯ ಪೊರೆಯ ಹೊರಗೆ ಸ್ಟೆರಾಯ್ಡ್ ಹಾಕುವ ಇಂಜೆಕ್ಷನ್, ಎನ್ನುತ್ತಿದ್ದಾರೆ. ಮೂಳೆ ಡಾಕ್ಟರು ತಾವೇ ಕೊಡುತ್ತೇನೆ ಎಂದರು. ನೋವಿನ ಕ್ಲಿನಿಕ್ ಇಟ್ಟಿರುವ ಅರಿವಳಿಕೆ ತಜ್ಞರು ಅದು ಮೂಳೆಯವರ ಕೆಲಸವೇ ಅಲ್ಲ ಎಂದರು. ನಮ್ಮ ಬೀದಿಯಲ್ಲೂ ಹೊಸದಾಗಿ ‘ಪೇನ್ ಸೆಂಟರ್’ ಬೋರ್ಡು ಎದ್ದಿದೆ. ಒಳಗೆ ಕೂರುವವರು ಏನು ಓದಿದ್ದಾರೆಂದು ಬೋರ್ಡಿನಿಂದ ತಿಳಿಯುವುದಿಲ್ಲ. ಇದನ್ನು ಇಂಥವರೇ ಮಾಡಬೇಕೆಂಬ ಕಾನೂನು ಇದೆಯೇ? ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನಡೆಯುತ್ತಿದೆ.

ತುಮಕೂರು ರಸ್ತೆ:
ತಂಗಿ, ನನ್ನ ಕಥೆ ಕೇಳಿ ಆಮೇಲೆ ಹೆಜ್ಜೆ ಇಡಿ. 2019ರ ಮಾತು. ಓಪಿಡಿಯ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂರಿಸಿ, ಸೂಜಿಯ ದಾರಿ ತೋರಿಸುವ ಎಕ್ಸ್‌ರೇ ಯಂತ್ರ ಸಿ-ಆರ್ಮ್ ಇಲ್ಲ ಏನಿಲ್ಲ, ಮೂಳೆ ಡಾಕ್ಟರು ಬೆರಳಿನಿಂದ ಎಲುಬು ಎಣಿಸಿ ಚುಚ್ಚಿದರು. ಮೂರು ಸಲ ಹೊರಗೆಳೆದು ಮತ್ತೆ ಹಾಕಿದರು. ಮರುದಿನ ಹಾಸಿಗೆಯಿಂದ ಎದ್ದು ಕುಳಿತೊಡನೆ ತಲೆ ಸಿಡಿಯುವಂಥ ನೋವು, ಮಲಗಿದರೆ ಮಾಯ. ಐದು ದಿನ ಮಲಗಿಕೊಂಡೇ ಹಲ್ಲುಜ್ಜಿದ್ದೇನೆ, ಹೆಂಡತಿ ಸ್ಟೀಲ್ ಬಟ್ಟಲು ಹಿಡಿದು ನಿಲ್ಲುತ್ತಿದ್ದಳು. ಆ ಡಾಕ್ಟರಿಗೆ ಫೋನ್ ಮಾಡಿದರೆ ‘ಗ್ಯಾಸ್ ಇರಬೇಕು’ ಎಂದರು. ಆರನೆಯ ದಿನ ಬೇರೆ ಆಸ್ಪತ್ರೆಯ ಅರಿವಳಿಕೆ ತಜ್ಞೆ ಬಾಗಿಲಲ್ಲೇ ಹಿಡಿದರು: ಸೂಜಿ ಒಳಗಿನ ಪೊರೆಯನ್ನು ತೂತು ಮಾಡಿದೆ, ಬೆನ್ನಿನ ದ್ರವ ಸೋರುತ್ತಿದೆ. ನನ್ನದೇ ತೋಳಿನಿಂದ ರಕ್ತ ತೆಗೆದು ಬೆನ್ನಿಗೆ ಹಾಕಿದರು, ಅದು ಹೆಪ್ಪುಗಟ್ಟಿ ತೂತು ಮುಚ್ಚಿತು. ಅಂದು ಸಂಜೆ ಕುಳಿತು ಕಾಫಿ ಕುಡಿದೆ.

ಲೆಕ್ಕ ಇಲ್ಲಿದೆ, ರಸೀದಿಗಳೂ ಇವೆ. ಮೊದಲ ಇಂಜೆಕ್ಷನ್ 7,500. ಎರಡನೆಯ ಆಸ್ಪತ್ರೆ 22,840. ಕಾರಿನಲ್ಲಿ ಕೂರಲಾಗದ ಕಾರಣ ಆಂಬ್ಯುಲೆನ್ಸ್ 2,200. ಹನ್ನೊಂದು ದಿನ ರಜೆ, ಅದರಲ್ಲಿ ನಾಲ್ಕು ಸಂಬಳವಿಲ್ಲದ್ದು. ವಿಮೆಯವರು ‘24 ಗಂಟೆ ದಾಖಲಾಗಿಲ್ಲ’ ಎಂದು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಅರಿವಳಿಕೆಯವರನ್ನು ಬಿಟ್ಟು ಬೇರೆ ಯಾರ ಕೈಗೂ ಬೆನ್ನು ಕೊಡಬೇಡಿ.

ಧಾರವಾಡದ ನಿವೃತ್ತ ಮಾಸ್ತರ:
ಒಬ್ಬರ ಕೈ ತಪ್ಪಿತೆಂದು ಮೂಳೆಯವರ ಕುಲವನ್ನೇ ಬೈಯುವುದು ಯಾವ ನ್ಯಾಯ? ನನ್ನ ಎರಡೂ ಮಂಡಿಗೆ ರೇಡಿಯೋಫ್ರೀಕ್ವೆನ್ಸಿ (ನೋವಿನ ನರ ಸುಡುವ ಚಿಕಿತ್ಸೆ) ಮಾಡಿದವರು ಮೂಳೆ ಡಾಕ್ಟರೇ. ಮೊದಲು ಮಂಡಿಯ ಸುತ್ತಲಿನ ನರಗಳಿಗೆ ಬರೀ ಮರಗಟ್ಟಿಸುವ ಔಷಧಿ ಕೊಟ್ಟು, ‘ಹೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದು ಬನ್ನಿ’ ಎಂದರು. ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಮಾತ್ರ ಮುಂದಿನ ಹಂತ. ಮೂರು ಮಹಡಿ ಹತ್ತಿದೆ. ಎರಡು ವಾರ ಬಿಟ್ಟು ಸಿ-ಆರ್ಮ್ ಕೆಳಗೆ ಆ ನರಗಳನ್ನು 80 ಡಿಗ್ರಿ ಶಾಖದಲ್ಲಿ ಸುಟ್ಟರು. ಒಂದು ಮಂಡಿಗೆ ಮೂರು ಸೂಜಿ, ಸೂಜಿಗೆ 3,200, ಎರಡು ಮಂಡಿಗೆ ನೀವೇ ಗುಣಿಸಿ. ಥಿಯೇಟರ್ ಬಾಡಿಗೆ 6,000, ಸಿ-ಆರ್ಮ್‌ಗೆ ಬೇರೆ 4,000. ಆ ವರ್ಷ ಯಲ್ಲಮ್ಮನ ಗುಡ್ಡವನ್ನು ಕೋಲಿಲ್ಲದೆ ಹತ್ತಿದ್ದೇನೆ. ನಿದ್ದೆ ಬರಿಸುವವರಿಗೆ ಮೂಳೆಯ ಬಗ್ಗೆ ಏನು ಗೊತ್ತು?

ತುಮಕೂರು ರಸ್ತೆ:
ಮಾಸ್ತರೇ, ಹದಿನಾಲ್ಕೇ ತಿಂಗಳಲ್ಲಿ ನೋವು ಮರಳಿ ಬಂದು ಎರಡನೆಯ ಸಲ ಸುಡಿಸಿಕೊಂಡಿದ್ದನ್ನು ಕಳೆದ ದೀಪಾವಳಿಯ ಚರ್ಚೆಯಲ್ಲಿ ನೀವೇ ಬರೆದಿದ್ದಿರಿ. ಆ ಲೆಕ್ಕ ಇಲ್ಲಿ ಕಾಣುತ್ತಿಲ್ಲವಲ್ಲ?

ಧಾರವಾಡದ ನಿವೃತ್ತ ಮಾಸ್ತರ:
ನರ ಮತ್ತೆ ಚಿಗುರುತ್ತದೆ, ಅದು ದೇಹದ ಧರ್ಮ. ಡಾಕ್ಟರ ತಪ್ಪಲ್ಲ. ನನ್ನ ಹಳೆಯ ಮಾತುಗಳನ್ನು ಕೆದಕುವಷ್ಟು ಪುರುಸೊತ್ತು ನಿಮಗಿರುವುದು ಸಂತೋಷ.

ಕರಾವಳಿ ಅರಿವಳಿಕೆ:
‘ನಿದ್ದೆ ಬರಿಸುವವರು’ ಎಂದದ್ದಕ್ಕೆ ಬರೆಯುತ್ತಿದ್ದೇನೆ, ಇಲ್ಲವಾದರೆ ಸುಮ್ಮನಿರುತ್ತಿದ್ದೆ. ಎಂ.ಡಿ. ಮುಗಿದ ಮೇಲೆ ನೋವಿನ ಚಿಕಿತ್ಸೆಗೆಂದೇ ಒಂದು ವರ್ಷ ಫೆಲೋಶಿಪ್ ಮಾಡಿದೆ. ಆ ಸ್ಟೈಪೆಂಡ್ ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆಗೂ ಸಾಲುತ್ತಿರಲಿಲ್ಲ, ಅಪ್ಪನ ಕೈಯಿಂದ ಹಣ ತರಿಸಿಕೊಂಡಿದ್ದೇನೆ, ಮೂವತ್ತೆರಡರ ವಯಸ್ಸಿನಲ್ಲಿ. ಮೊದಲ ಮೂರು ತಿಂಗಳು ಸೂಜಿ ಮುಟ್ಟಲೂ ಬಿಡಲಿಲ್ಲ. ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹೊತ್ತು ನಿಂತು ನನ್ನ ಸೊಂಟವೇ ಹಿಡಿಯಿತು. ನನ್ನ ಜೊತೆ ಓದಿದವನೊಬ್ಬ ಶನಿವಾರ-ಭಾನುವಾರದ ಕಾರ್ಯಾಗಾರದಲ್ಲಿ ಶವದ ಮೇಲೆ ನಾಲ್ಕು ಸಲ ಚುಚ್ಚಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ. ರೋಗಿಗೆ ಎರಡು ಕಾಗದವೂ ಒಂದೇ.

ಕಾನೂನು ಕೇಳಿದ್ದೀರಿ. ಸಿ-ಆರ್ಮ್ ಇಡಬೇಕಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಅದರ ಬಳಿ ಕೆಲಸ ಮಾಡುವ ನಾನು ವಿಕಿರಣ ಅಳೆಯುವ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು. ನರ ಹುಡುಕಲು ಅಲ್ಟ್ರಾಸೌಂಡ್ ಇಟ್ಟರೆ ಅದಕ್ಕೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿ. ನಾನು ನೋಡುವುದು ಮುದುಕರ ಭುಜ, ಆದರೂ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ ನೋಂದಣಿಯಾಗಬೇಕು, ದರಪಟ್ಟಿ ಹಾಕಬೇಕು. ಯಂತ್ರಕ್ಕೆ ಇಷ್ಟೆಲ್ಲ. ಸೂಜಿ ಹಿಡಿಯುವ ಕೈಗೆ? ನೋಂದಾಯಿತ ಅಲೋಪತಿ ವೈದ್ಯರಾದರೆ ಸಾಕು, ಇಂಥ ವಿಶೇಷ ತರಬೇತಿ ಆಗಿರಲೇಬೇಕೆಂದು ಹಿಡಿದು ನಿಲ್ಲಿಸುವವರಿಲ್ಲ. ಎಡವಟ್ಟಾದ ಮೇಲೆ ಗ್ರಾಹಕರ ಆಯೋಗದಲ್ಲಿ ‘ನಿನಗೆ ತರಬೇತಿ ಇತ್ತೇ’ ಎಂದು ಕೇಳುತ್ತಾರೆ. ಕಾಲು ಬಿದ್ದುಹೋದವನಿಗೆ ಆಗ ಉತ್ತರ ಸಿಕ್ಕಿ ಏನು ಪ್ರಯೋಜನ?

ನ್ಯಾಶ್‌ವಿಲ್ ಕನ್ನಡಿಗ:
ಮೇಡಂ, ಪರವಾನಗಿ ಒಂದೇ ಮದ್ದಲ್ಲ. 2012ರ ಬೇಸಿಗೆಯಲ್ಲಿ ನನಗೆ ಇಲ್ಲಿ ಅಮೆರಿಕದಲ್ಲಿ ಅದೇ ಇಂಜೆಕ್ಷನ್ ಆಗಿತ್ತು. ಗೋಡೆ ತುಂಬ ಪದವಿಗಳಿದ್ದ ಡಾಕ್ಟರು. ಶರತ್ಕಾಲಕ್ಕೆ ಟೆನ್ನೆಸ್ಸಿಯಲ್ಲಿ ಒಬ್ಬೊಬ್ಬರಾಗಿ ಶಿಲೀಂಧ್ರದ ಮೆದುಳು ಜ್ವರ ಬಂದು ಮಲಗತೊಡಗಿದರು. ಮ್ಯಾಸಚೂಸೆಟ್ಸ್‌ನ ಒಂದು ಔಷಧಿ ತಯಾರಿಕಾ ಕೇಂದ್ರದಿಂದ ಬಂದ ಸ್ಟೆರಾಯ್ಡ್ ಸೀಸೆಗಳಲ್ಲೇ ಬೂಷ್ಟು. ದೇಶದಾದ್ಯಂತ 753 ಮಂದಿಗೆ ಸೋಂಕು, 64 ಸಾವು. ಕ್ಲಿನಿಕ್ಕಿನಿಂದ ‘ನಿಮ್ಮ ಬ್ಯಾಚ್ ಸಂಖ್ಯೆ ನೋಡುತ್ತಿದ್ದೇವೆ’ ಎಂದು ಫೋನ್ ಬಂದ ಮೇಲೆ ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಕತ್ತು ಬಗ್ಗಿಸಿ ಬಗ್ಗಿಸಿ ಬಿಗಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ನನ್ನದು ಬೇರೆ ಬ್ಯಾಚ್. ಉಳಿದೆ.

ಯಾರು ಮಾಡಬೇಕೆಂಬ ಜಗಳವೂ ಇಲ್ಲಿ ಮುಗಿದಿಲ್ಲ. ಅರಿವಳಿಕೆ ನರ್ಸ್‌ಗಳು ಬೆನ್ನಿಗೆ ಸೂಜಿ ಹಾಕಬಹುದೆಂದು ಲೂಯಿಸಿಯಾನ ರಾಜ್ಯದ ನರ್ಸಿಂಗ್ ಮಂಡಳಿ ಹೇಳಿತ್ತು. 2008ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇದು ವೈದ್ಯರದ್ದೇ ಕೆಲಸ ಎಂದಿತು. ಎಕ್ಸ್‌ರೇ ಯಂತ್ರದ ಉಸ್ತುವಾರಿಯ ಪ್ರಶ್ನೆ ಬಂದಾಗ ಅಯೋವಾದ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಅವೇ ನರ್ಸ್‌ಗಳ ಪರ ನಿಂತಿತು.

ತುಮಕೂರು ರಸ್ತೆ:
ಅಮೆರಿಕದ ಪುರಾಣ ದಾವಣಗೆರೆಗೆ ಯಾಕೆ ಸ್ವಾಮಿ? ನಿಮ್ಮಲ್ಲಿ ವಿಮೆಯಾದರೂ ಕೊಡುತ್ತದೆ.

ನ್ಯಾಶ್‌ವಿಲ್ ಕನ್ನಡಿಗ:
ಕೊಡುತ್ತದೆ ಎಂದವರು ಯಾರು? ನನ್ನ ಕೈಯಿಂದ 1,460 ಡಾಲರ್ ಹೋಯಿತು, ವಿಮೆ ಕೊಡುವ ಮೊದಲು ನಾವೇ ಭರಿಸಬೇಕಾದ ಆ ವರ್ಷದ ಡಿಡಕ್ಟಿಬಲ್ ತುಂಬಿರಲಿಲ್ಲ.

ಫಿಸಿಯೋ ಗೆಳತಿ:
‘ಫಿಸಿಯೋಥೆರಪಿ ಎಲ್ಲ ಆಯಿತು’ ಎಂದು ಬರೆದಿದ್ದೀರಿ. ಎಷ್ಟು ದಿನ? ಹತ್ತು ದಿನ ಕರೆಂಟ್ ಕೊಡಿಸಿ, ಮನೆಯಲ್ಲಿ ವ್ಯಾಯಾಮ ಬಿಟ್ಟವರೆಲ್ಲ ಹೀಗೆಯೇ ಬರೆಯುತ್ತಾರೆ. ಬೀದಿಯ ‘ಪೇನ್ ಸೆಂಟರ್’ ಎಂದೊಡನೆ ನಮ್ಮವರ ಮೇಲೇ ಅನುಮಾನ ಬೀಳುವುದೂ ಗೊತ್ತು. ನಾನು ಡ್ರೈ ನೀಡ್ಲಿಂಗ್ ಮಾಡುತ್ತೇನೆ. ಅದರಲ್ಲಿ ಔಷಧಿಯೇ ಇಲ್ಲ, ಸ್ನಾಯುವಿನ ಗಂಟಿಗೆ ತೆಳ್ಳಗಿನ ಸೂಜಿ ಅಷ್ಟೆ. ನಮ್ಮಂಥ ಆರೋಗ್ಯ ವೃತ್ತಿಯವರಿಗೂ 2021ರ ಕಾಯ್ದೆ ಬಂದಿದೆ, ನಾವು ಮಾಲೀಶಿನವರಲ್ಲ.

ಕರಾವಳಿ ಅರಿವಳಿಕೆ:
ಅದೇ ತೆಳ್ಳಗಿನ ಸೂಜಿ ಭುಜದ ಬಳಿ ಆಳಕ್ಕೆ ಹೋಗಿ ಶ್ವಾಸಕೋಶ ತೂತಾದ ಹುಡುಗಿಯನ್ನು ರಾತ್ರಿ ಪಾಳಿಯಲ್ಲಿ ನೋಡಿದ್ದೇನೆ. ಅಷ್ಟೆ ಎನ್ನಬೇಡಿ.

ಫಿಸಿಯೋ ಗೆಳತಿ:
ನಿಮ್ಮವರ ಕೈಯಲ್ಲಿ ಆಗಿದ್ದನ್ನು ನಾನೂ ಪಟ್ಟಿ ಮಾಡಲೇ?

ಮಲೆನಾಡು ವೈದ್ಯಶಾಲೆ:
ಸೊಂಟ ನೋವಿಗೆ ಆಯುರ್ವೇದದ ಅಗ್ನಿಕರ್ಮ, ಅಂದರೆ ಬಿಸಿ ಸಲಾಕೆಯಿಂದ ಸುಡುವುದು, ಸುಶ್ರುತನ ಕಾಲದಿಂದ ಇದೆ. ಮಾಸ್ತರರ ರೇಡಿಯೋಫ್ರೀಕ್ವೆನ್ಸಿಯೂ ಸುಡುವುದೇ ತಾನೆ? 2020ರ ಕೇಂದ್ರದ ಅಧಿಸೂಚನೆಯಲ್ಲಿ ನಮ್ಮ ಆಯುರ್ವೇದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಬಗೆಯ ಶಸ್ತ್ರಚಿಕಿತ್ಸೆ ಒಪ್ಪಿದ್ದಾರೆ.

ಧಾರವಾಡದ ನಿವೃತ್ತ ಮಾಸ್ತರ:
ನನ್ನ ಮಂಡಿಯನ್ನು ಎಳೆದು ತರಬೇಡಿ. ಆ 58ರಲ್ಲಿ ಬೆನ್ನುಹುರಿಯ ಎಪಿಡ್ಯೂರಲ್ ಎಲ್ಲಿದೆ, ತೋರಿಸಿ. ಒಂದು ಪದ್ಧತಿ ಕಲಿತವರು ಇನ್ನೊಂದು ಪದ್ಧತಿಯ ಔಷಧಿ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ತುಮಕೂರು ರಸ್ತೆ:
ಮೊದಲ ಸಲ ಮಾಸ್ತರರ ಮಾತು ಒಪ್ಪುತ್ತೇನೆ. ತಂಗಿ, ಎಂಆರ್‌ಐ ಎಷ್ಟಕ್ಕೆ ಮಾಡಿಸಿದಿರಿ? ನನ್ನಿಂದ 8,200 ಕಿತ್ತುಕೊಂಡರು, ಫಿಲ್ಮ್‌ಗೆ ಬೇರೆ 500.

ಧಾರವಾಡದ ನಿವೃತ್ತ ಮಾಸ್ತರ:
ನಮ್ಮಲ್ಲಿ 5,500ಕ್ಕೆ ಆಗುತ್ತದೆ. ಚೌಕಾಸಿ ಮಾಡಲು ಬಾರದವರು ಜಗತ್ತನ್ನು ದೂರುತ್ತಾರೆ.

ತುಮಕೂರು ರಸ್ತೆ:
ಯಾವ ಯಂತ್ರದಲ್ಲಿ? 0.3 ಟೆಸ್ಲಾದ ದುರ್ಬಲ ಕಾಂತವಾದರೆ ಅದಕ್ಕೆ 5,500 ಕೊಟ್ಟಿದ್ದೂ ದುಬಾರಿಯೇ. ನನ್ನದು 1.5.

ದಾವಣಗೆರೆ ಮಗಳು:
ಎಲ್ಲರಿಗೂ ಧನ್ಯವಾದ. ಆ ಕ್ಲೋಪಿಡೋಗ್ರೆಲ್ ವಿಚಾರ ಯಾರಾದರೂ ಹೇಳುತ್ತೀರಾ? ಬರುವ ಗುರುವಾರಕ್ಕೆ ದಿನ ಕೊಟ್ಟಿದ್ದಾರೆ.

ಧಾರವಾಡದ ನಿವೃತ್ತ ಮಾಸ್ತರ:
ಟೆಸ್ಲಾ ಗಿಸ್ಲಾ ನನಗೆ ಗೊತ್ತಿಲ್ಲ, ಡಿಸ್ಕ್ ಕಂಡಿತು.

ಕರಾವಳಿ ಅರಿವಳಿಕೆ:
ಕ್ಷಮಿಸಿ ಅಕ್ಕ, ಮೊದಲೇ ನೋಡಬೇಕಿತ್ತು. ಆ ಮಾತ್ರೆ ನಡೆಯುತ್ತಿರುವಾಗ ಎಪಿಡ್ಯೂರಲ್ ಕೊಟ್ಟರೆ ಒಳಗೆ ರಕ್ತ ಕಟ್ಟಿ ಬೆನ್ನುಹುರಿಯನ್ನು ಒತ್ತಬಹುದು, ಕಾಲು ಹೋಗಬಹುದು. ಹಾಗೆಂದು ನೀವೇ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ಹೃದಯ ತಜ್ಞರು ಬರೆದುಕೊಡದೆ ಒಂದು ಮಾತ್ರೆಯನ್ನೂ ಬಿಡಬೇಡಿ. ಅವರು ಒಪ್ಪಿದರೂ ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಬೇಕು, ಆದ್ದರಿಂದ ಗುರುವಾರ ಸಾಧ್ಯವೇ ಇಲ್ಲ. ಸ್ಟೆರಾಯ್ಡ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ದಿನವೂ ನೋಡಿ. ಇದನ್ನೆಲ್ಲ ಕೇಳದೆ ದಿನ ಕೊಟ್ಟವರು ಯಾರು, ಮೂಳೆಯವರೇ?

ದಾವಣಗೆರೆ ಮಗಳು:
ಅಲ್ಲ ಮೇಡಂ, ನೋವಿನ ಕ್ಲಿನಿಕ್ಕಿನವರು. ಸ್ಟೆಂಟ್ ಯಾವಾಗ ಹಾಕಿದ್ದೆಂದು ಕೇಳಿದವರು ಮೂಳೆ ಡಾಕ್ಟರು ಒಬ್ಬರೇ.

ಧಾರವಾಡದ ನಿವೃತ್ತ ಮಾಸ್ತರ:
ನಾನು ಆಗಲೇ ಹೇಳಲಿಲ್ಲವೇ?

ತುಮಕೂರು ರಸ್ತೆ:
ಕೇಳಿದ್ದು ಸರಿ. ಅವರ ಹತ್ತಿರ ಸಿ-ಆರ್ಮ್ ಇದೆಯೇ, ಇಲ್ಲ ಬೆರಳೇ?