‘ಚಿಯಾಂಗ್ ಭಾಷೆಗಳು’ ಅಂದರೆ ಯಾವುವು? ಕನ್ನಡದಲ್ಲಿ ಬೇರೆ ಪದ ಬೇಕಲ್ವಾ?

ಚೀನಾದ ‘ಚಿಯಾಂಗ್ ಭಾಷೆಗಳಿಗೆ ಲಿಪಿ ಇಲ್ಲ’ ಅಂತ ಬರೆದರೆ ಸರಿಯೋ ತಪ್ಪೋ? ಎರಡೂ ಆಗಬಹುದು, ಯಾಕಂದರೆ ಒಂದು ಜನಾಂಗದ ನುಡಿಗೂ, ಅದು ಸೇರಿರುವ ದೊಡ್ಡ ಗುಂಪಿಗೂ ಇದೇ ಹೆಸರು ಬಳಸಿಬಿಡ್ತೀವಿ. ನನ್ನ ತಕರಾರು ಶುರುವಾಗೋದು ಅಲ್ಲೇ.

ಮೊದಲು ಉಚ್ಚಾರ. ರೋಮನ್‌ನಲ್ಲಿ ಕ್ಯೂ ಅಕ್ಷರ ನೋಡಿ ‘ಕಿಯಾಂಗ್’ ಅನ್ನೋರಿದ್ದಾರೆ. ಚೀನಿಯಲ್ಲಿ ಆ ಕ್ಯೂಗೆ ‘ಛ’ಕ್ಕೆ ಹತ್ತಿರದ ಸದ್ದು. ‘ಛಿಯಾಂಗ್’ ಅಂದರೆ ಇನ್ನೂ ಹತ್ತಿರ, ಆದರೆ ‘ಚಿಯಾಂಗ್’ ಸಾಕು ಅನ್ನಿಸುತ್ತೆ. ಅದೂ ಬೇರೆಯವರು ಇಟ್ಟ ಹೆಸರು. ಆ ನುಡಿಯ ಜನ ತಮ್ಮನ್ನು ಕರೆದುಕೊಳ್ಳೋದು ‘ರ್ಮಾ’ ಅಂತ, ಊರೂರಿಗೆ ಸ್ವಲ್ಪ ವ್ಯತ್ಯಾಸದಲ್ಲಿ.

ಈಗ ಅಸಲು ವಿಷಯ. ಚೀನಾದ ಸಿಚುವಾನ್ ಪ್ರಾಂತ್ಯದ ಮಾವೊ, ವೆನ್‌ಚುವಾನ್, ಲೀ, ಹೇಯ್‌ಶುಯಿ ಕೌಂಟಿಗಳ (ಪ್ರಾಂತ್ಯದೊಳಗಿನ ಆಡಳಿತ ವಿಭಾಗಗಳ) ಬೆಟ್ಟಗಳಲ್ಲಿ ಆಡುವ ನುಡಿ ಚಿಯಾಂಗ್. ಉತ್ತರದ್ದೊಂದು, ದಕ್ಷಿಣದ್ದೊಂದು. ದಕ್ಷಿಣದ್ದಕ್ಕೆ ಸ್ವರದ ಏರಿಳಿತದಿಂದ ಅರ್ಥ ಬದಲಾಗುತ್ತೆ. ಉತ್ತರದ್ದಕ್ಕೆ ಅದಿಲ್ಲ, ಬದಲಿಗೆ ಒತ್ತಕ್ಷರದ ಹಾಗೆ ಒಟ್ಟಿಗೆ ಬರುವ ವ್ಯಂಜನಗಳ ರಾಶಿ. ಇವೆರಡನ್ನು ಒಂದೇ ಭಾಷೆ ಅನ್ನೋದೂ ಕಷ್ಟ. ಹೇಯ್‌ಶುಯಿಯಲ್ಲಿ ಈ ನುಡಿ ಆಡುವವರನ್ನು ಸರ್ಕಾರ ಟಿಬೆಟನ್ನರು ಅಂತ ಲೆಕ್ಕ ಹಾಕುತ್ತೆ. ಹಾಗಾಗಿ ‘ಚಿಯಾಂಗ್ ಜನ’ ಮತ್ತು ‘ಚಿಯಾಂಗ್ ಮಾತಾಡುವವರು’ ಒಂದೇ ಅಲ್ಲ.

ಈ ಚಿಯಾಂಗ್ ನುಡಿಗೆ ಹಳೆಯ ಲಿಪಿ ಇಲ್ಲ. ‘ಷಿಬಿ’ ಅನ್ನೋ ಪೂಜಾರಿಗಳು ಮಂತ್ರ, ಪುರಾಣಗಳನ್ನು ಬಾಯಿಪಾಠದಲ್ಲೇ ಉಳಿಸಿಕೊಂಡು ಬಂದರು. 1980ರ ದಶಕದ ಕೊನೆಯ ಹೊತ್ತಿಗೆ ಮಾವೊ ಕೌಂಟಿಯ ಚ್ಯೂಗು ಊರಿನ ಮಾತನ್ನು ಆಧಾರವಾಗಿಟ್ಟು ರೋಮನ್ ಅಕ್ಷರಗಳ ಬರಹವೊಂದು ರೂಪುಗೊಂಡಿತು. ಅದು ಅಷ್ಟಾಗಿ ಹಬ್ಬಲಿಲ್ಲ. ದಕ್ಷಿಣದವರಿಗೆ ಉತ್ತರದ ಒಂದು ಊರಿನ ಮಾತು ಓದು ಅಂದರೆ ಹೇಗೆ ಹಬ್ಬೀತು?

ಆದರೆ ಭಾಷಾವಿಜ್ಞಾನಿಗಳು ‘ಚಿಯಾಂಗಿಕ್’ ಅಂತ ದೊಡ್ಡದೊಂದು ಗುಂಪನ್ನೂ ಹೇಳ್ತಾರೆ. ಟಿಬೆಟನ್, ಬರ್ಮೀಸ್ ಎಲ್ಲ ಸೇರಿರುವ ಟಿಬೆಟೊ-ಬರ್ಮನ್ ಭಾಷಾ ಕುಟುಂಬದ ಒಳಗೆ ಇದನ್ನು ಗುರುತಿಸಿದವರಲ್ಲಿ ಚೀನಾದ ಭಾಷಾವಿಜ್ಞಾನಿ ಸುನ್ ಹೊಂಗ್‌ಕಾಯ್ ಮುಖ್ಯರು. ಪ್ರಿನ್ಮಿ, ಮುಯಾ, ಎರ್ಸು, ಗ್ಯಾರೊಂಗ್ ಭಾಷೆಗಳ ಜೊತೆಗೆ ಅಳಿದುಹೋದ ಟಂಗುಟ್ ಭಾಷೆ ಕೂಡ ಇದರಲ್ಲಿ ಬರುತ್ತೆ. ಟಂಗುಟ್‌ಗೆ ಲಿಪಿ ಇತ್ತು, ಅದೂ ಎಂಥದ್ದು! 1036ರಲ್ಲಿ ಜಾರಿಗೆ ಬಂದ, ಸುಮಾರು 6,000 ಚಿಹ್ನೆಗಳ ಲಿಪಿ. ಗುಂಪಿನ ಅರ್ಥ ಹಿಡಿದರೆ ‘ಲಿಪಿ ಇಲ್ಲ’ ಅನ್ನೋದು ಶುದ್ಧ ತಪ್ಪು.

ಹಾಗಾದರೆ ಆ ಗುಂಪಿಗೆ ಏನನ್ನೋಣ? ಭಾಷೆಗೆ ಜರ್ಮನ್, ಅದು ಸೇರಿರುವ ಗುಂಪಿಗೆ ಜರ್ಮಾನಿಕ್ ಅಂತ ಬೇರೆ ಮಾಡುವ ಹಾಗೆ ‘ಚಿಯಾಂಗಿಕ್’ ಅಂತಲೇ ಬರೆಯಬಹುದು. ‘ಚಿಯಾಂಗ್ ಕವಲು’ ಅಂದರೆ ಕಿವಿಗೆ ಹಿತ, ಆದರೆ ಕವಲು ಅಂದಾಗ ಒಂದೇ ಬುಡದಿಂದ ಒಡೆದದ್ದು ಅಂತ ಒಪ್ಪಿದ ಹಾಗಾಯ್ತು. ಅದರ ಮೇಲೇ ಜಗಳ ಇದೆ. ಕ್ರಿಯಾಪದದ ಮೊದಲಿಗೆ ‘ಮೇಲಕ್ಕೆ’, ‘ಕೆಳಕ್ಕೆ’, ‘ಹೊಳೆಯ ಮೇಲ್ಗಡೆಗೆ’ ಅಂತ ದಿಕ್ಕು ಸೂಚಿಸುವ ಪೂರ್ವಪ್ರತ್ಯಯ ಹಚ್ಚೋದು ಇವುಗಳ ಸಾಮಾನ್ಯ ಗುಣ. ಅಕ್ಕಪಕ್ಕ ಬಾಳಿದ್ದರಿಂದಲೂ ಇಂಥ ಹೋಲಿಕೆ ಬಂದಿರಬಹುದು ಅಂತ ಭಾಷಾವಿಜ್ಞಾನಿ ಕಾತ್ಯಾ ಚಿರ್ಕೋವಾ ವಾದಿಸಿದ್ದಾರೆ. ನನ್ನ ಒಲವು ‘ಚಿಯಾಂಗಿಕ್ ಗುಂಪು’ ಕಡೆಗೆ. ‘ಬಳಗ’ ಅಂದರೂ ನೆಂಟಸ್ತಿಕೆಯ ವಾಸನೆ ಬರುತ್ತೆ ಅನ್ನಿಸುತ್ತೆ. ರಕ್ತಸಂಬಂಧ ಹೇಳದೆ, ಒಡನಾಟ ಮಾತ್ರ ಹೇಳುವ ಪದ ಕನ್ನಡ ಭಾಷಾವಿಜ್ಞಾನದಲ್ಲಿ ಈಗಾಗಲೇ ಬಳಕೆಯಲ್ಲಿದೆಯಾ?